ಕಹಿ ಹತ್ತದ ಎಡನಾಲಿಗೆ

ಬುದ್ಧಿಹಲ್ಲು ಕೀಳಿಸಿಕೊಂಡ ದಿನದಿಂದ ಮೋಹನದಾಸರ ನಾಲಿಗೆಯ ಎಡಭಾಗ ಸತ್ತಂತಾಗಿತ್ತು. ಹಲ್ಲಿನ ಪಕ್ಕದ ನರ ತುಂಡಾಗಿದೆಯೆಂದು ಕಂಡುಹಿಡಿದ ಡಾಕ್ಟರ್ ಭಾದುರಿ, ಅದನ್ನು ಕೂದಲಿಗಿಂತ ತೆಳುವಾದ ದಾರದಿಂದ ಹೊಲಿದು, "ನಿಧಾನವಾಗಿ ಜೀವ ಬರುತ್ತದೆ" ಎಂದಿದ್ದರು. ಪಕ್ಕದ ಕ್ವಾರ್ಟರ್ಸಿನ ಮಹಾಲಕ್ಷ್ಮಮ್ಮನಿಗೆ ಅಷ್ಟು ತಾಳ್ಮೆಯಿರಲಿಲ್ಲ. ದಿನಾ ಒಂದು ಫ್ಲಾಸ್ಕ್ ನೆಲಬೇವಿನ ಕಷಾಯ ಕಳಿಸುತ್ತಿದ್ದರು. ಬದುಕಿದ್ದ ಬಲನಾಲಿಗೆ ಎರಡೂ ಪಾಲಿನ ಕಹಿಯನ್ನು ತಾನೊಂದೇ ಉಣ್ಣುತ್ತಿತ್ತು.

ತಿಂಗಳುಗಳು ಕಳೆದು, ಒಂದು ಬೆಳಗ್ಗೆ ಚಹಾ ಹೀರುವಾಗ ಎಡಕ್ಕೂ ಸಿಹಿ ಹತ್ತಿತು. ಇನ್ನು ಕಷಾಯದ ಕಾಟ ತಪ್ಪಿತೆಂದು ಅವರು ಹಿಗ್ಗುವಷ್ಟರಲ್ಲಿ, ಹೆಂಡತಿ ಜಲಜಾಕ್ಷಿಯಿಂದ ಸುದ್ದಿ ತಿಳಿದ ಮಹಾಲಕ್ಷ್ಮಮ್ಮ ಬಾಗಿಲಲ್ಲಿದ್ದರು.

"ನಾನು ಹೇಳ್ಲಿಲ್ವಾ ಜಲಜಾಕ್ಷಿ? ಎಲ್ಲಾ ನನ್ನ ಕಷಾಯದ ಗುಣ. ಇನ್ನೊಂದು ವರ್ಷ ನಿಲ್ಲಿಸ್ಬೇಡಿ."

ಬಂಗಾಳದ ಬಿಬಿಡಿ ಬಾಗಿನಲ್ಲಿದ್ದ ಅವರ ಬ್ಯಾಂಕಿನಲ್ಲಿ ಹೊಸ ಕಂಪ್ಯೂಟರುಗಳನ್ನು ಬಿಟ್ಟು ಎಲ್ಲರೂ ಇವರ ಬಾಯಿ ನೋಡಲು ನೆರೆದರು. ಸಹೋದ್ಯೋಗಿ ಪುರುಷೋತ್ತಮ ಬಂಗಾಳಿಗಳ ಘಾಟು ಸಾಸಿವೆ ಚಟ್ನಿಯನ್ನು ಎಡನಾಲಿಗೆಗೆ ಸವರಿಯೇಬಿಟ್ಟ. ಮೋಹನದಾಸರ ಕಣ್ಣುಮೂಗಲ್ಲಿ ಒಟ್ಟಿಗೆ ನೀರು ಸುರಿಯಿತು.

"ಭೇಷ್ ಕಷಾಯ. ನನ್ನ ಮಂಡಿನೋವಿಗೂ ಒಂದು ಫ್ಲಾಸ್ಕ್ ತಂದ್ಕೊಡಿ ಸಾರ್," ಎಂದ ಪುರುಷೋತ್ತಮ.

ಹೊಲಿದವರು ಭಾದುರಿ, ಹೆಸರು ಕಷಾಯಕ್ಕೆ. ಮೋಹನದಾಸರು ಮೂಗೊರೆಸಿಕೊಳ್ಳುತ್ತಲೇ ಒಂದು ಉಪಾಯ ಹೂಡಿದರು. ಅದು ಫಲಿಸುವುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಸಂಜೆ ಭಾದುರಿಯವರ ಕ್ಲಿನಿಕ್ಕಿಗೆ ಜಲಜಾಕ್ಷಿಯೂ ಫ್ಲಾಸ್ಕ್ ಸಮೇತ ಜೊತೆಗೆ ಬಂದರು. ಡಾಕ್ಟರು ಹತ್ತಿ ಅದ್ದಿ ಅದ್ದಿ ಎಡಗಡೆ ಮುಟ್ಟಿಸಿದರು. ಸಿಹಿ, ಉಪ್ಪು, ಹುಳಿ ಎಲ್ಲವೂ ಸರಿಯಾಗಿ ಗೊತ್ತಾದವು. ಕೊನೆಗೆ ಕಹಿ. ಅದು ನೆತ್ತಿಗೇರಿದರೂ ಮೋಹನದಾಸರು ಹಣ ಮುಗಿದ ಎಟಿಎಮ್ಮಿನಂತೆ ನಿರ್ವಿಕಾರವಾಗಿ ಕೂತರು.

"ಏನೂ ಗೊತ್ತಾಗುವುದಿಲ್ಲ ಡಾಕ್ಟ್ರೇ." ಹೆಂಡತಿಯತ್ತ ತಿರುಗಿದರು. "ನೋಡಿದ್ಯಾ? ಇಷ್ಟು ತಿಂಗಳು ಕುಡಿದೂ ಕಹಿಯೇ ಬರ್ಲಿಲ್ಲ. ಎಂತ ಪ್ರಯೋಜನ? ಬಿಟ್ಟುಬಿಡುವ."

ಭಾದುರಿ ಫ್ಲಾಸ್ಕ್ ತೆರೆದು ಮೂಸಿ, ಕೆಮ್ಮಿ, ಕಣ್ಣೊರೆಸಿಕೊಂಡರು. ಈಗ ಬೇಸಿನ್ನಿಗೆ ಸುರಿಯುತ್ತಾರೆಂದು ಮೋಹನದಾಸರು ಕಾದರು.

"ಒಳ್ಳೆಯದಾಯಿತು," ಎಂದರು ಡಾಕ್ಟರು ಹಿಂದಿಯಲ್ಲಿ. "ಮೂರು ರುಚಿ ಕಲಿತ ನರಕ್ಕೆ ಇನ್ನು ಕಹಿ ಕಲಿಸಬೇಕು. ದಿನಾ ಇದನ್ನೇ ಎಡಗಡೆ ಇಟ್ಟುಕೊಳ್ಳಿ. ತಕ್ಷಣ ನುಂಗಬಾರದು. ಈಗಲೇ ಶುರುಮಾಡಿ."

ಬಾಯಿಗೆ ಬಿದ್ದ ಕಷಾಯ ಎಡದಲ್ಲಿ ನಿಂತಿತು. ಮೋಹನದಾಸರು ಕುರ್ಚಿಯ ಕೈ ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಕೊನೆಗೆ ಗುಟುಕನ್ನು ನುಂಗಿ ಸೋಲೊಪ್ಪಿಕೊಂಡರು.

"ಬಂತು ಡಾಕ್ಟ್ರೇ. ಕಹಿ ಬಂತು. ಪೂರ್ತಿ ಬಂತು."

ಜಲಜಾಕ್ಷಿ ಆಗಲೇ ಮೊಬೈಲು ಕಿವಿಗಿಟ್ಟಿದ್ದರು.

"ಮಹಾಲಕ್ಷ್ಮಿ ಅಕ್ಕ, ಡಾಕ್ಟ್ರ ಎದುರೇ ಮಾರಾಯ್ರೆ, ಒಂದೇ ಗುಟುಕಿಗೆ ಬಂತು. ನಾಳೆಯಿಂದ ಎರಡು ಫ್ಲಾಸ್ಕ್ ಕಳಿಸಿ."