ಸಾರಿಗೆ ಇಳಿಯದ ಮಂಕರಿ

‘ಸಾರಿ’ ಅನ್ನುವ ಪದ ಸುಬ್ಬರಾಯಪ್ಪನ ಮನೆಗೆ ಬಂದದ್ದು ರೈಲಿನಲ್ಲಿ. ಅದಕ್ಕೆ ಟಿಕೆಟ್ಟೂ ಇರಲಿಲ್ಲ, ಪಾಸೂ ಇರಲಿಲ್ಲ. ಮಾಲೂರು ಸ್ಟೇಷನ್ನಿನಲ್ಲಿ ಇವನ ಜೊತೆಗೇ ಇಳಿದು, ಇವನ ಊಟದ ಕ್ಯಾರಿಯರಿನ ಹಿಂದೆಯೇ ನಡೆದು ಬಂದು ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿತು. ಕೂತದ್ದು ಸುಮ್ಮನಾದರೂ ಇತ್ತೇ? ಹೆಂಡತಿಗಿದ್ದ ಒಬ್ಬನೇ ಒಬ್ಬ ಅಣ್ಣನನ್ನು ಹೊಸಿಲು ದಾಟದ ಹಾಗೆ ಮಾಡಿತು.

ಸುಬ್ಬರಾಯಪ್ಪನಿಗೆ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸ. ಬೆಳಿಗ್ಗೆ ರೈಲು ಹತ್ತುವುದು, ಸಂಜೆ ರೈಲು ಇಳಿಯುವುದು. ಆ ನೂಕುನುಗ್ಗಲಿನಲ್ಲಿ ಯಾರ ಕಾಲನ್ನೂ ತುಳಿಯದೆ ನಿಲ್ಲಬೇಕಾದರೆ ರೆಕ್ಕೆ ಇರಬೇಕು. ಮೊದಮೊದಲು ಇವನು ತುಳಿದಾಗೆಲ್ಲ “ಅಯ್ಯೋ, ನೋಡ್ಲಿಲ್ಲ ಸ್ವಾಮಿ, ನೋವಾಯ್ತಾ?” ಅನ್ನುತ್ತ ಬಗ್ಗಿ, ಅವರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಬಗ್ಗಿದ ರಭಸಕ್ಕೆ ಹಿಂದೆ ನಿಂತವನ ಹೊಟ್ಟೆಗೆ ಗುದ್ದು ಬೀಳುತ್ತಿತ್ತು. ಜೊತೆಗಾರ ಕದಿರೇಶ ಇದನ್ನು ನೋಡಲಾರದೆ ಒಂದು ದಿನ ಮಂತ್ರೋಪದೇಶ ಮಾಡಿದ.

“ಅಣ್ಣೋ, ಸಾರಿ ಅಂದ್ಬಿಡು, ಮುಗೀತು. ಆಮೇಲೆ ಅವನು ಬಾಯಿ ತೆರೆಯಂಗಿಲ್ಲ.”

ಅವತ್ತಿನಿಂದ ಸುಬ್ಬರಾಯಪ್ಪ ಆ ಪದದ ಬೆನ್ನು ಹತ್ತಿದ. ಏನು ಪದ, ಏನು ಅದರ ಮಹಿಮೆ! ರಜಾ ಕೇಳಲು ಹೋದರೆ ಸಾಹೇಬರು ತಲೆ ಎತ್ತದೆ ‘ಸಾರಿ’ ಅಂದರೆ, ಕೊಡುವುದಿಲ್ಲ ಹೋಗು ಅಂತ. ಮಾತು ಕೇಳಿಸದವನು ಕಿವಿ ಮುಂದೆ ಮಾಡಿ ‘ಸಾರಿ?’ ಅಂದರೆ, ಇನ್ನೊಂದು ಸಲ ಹೇಳು ಅಂತ. ‘ಸಾರಿ ಸ್ವಾಮಿ, ಇದು ನನ್ನ ಸೀಟು’ ಅಂದರೆ ಏಳ್ತೀಯೋ ಎಬ್ಬಿಸ್ಲೋ ಅಂತ. ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು ಹೇಳಿದರಂತೂ ಮನೆಯವರು ಅಲ್ಲೇ ಎದೆ ಬಡಿದುಕೊಳ್ಳಬೇಕು. ಇಷ್ಟೆಲ್ಲ ಕೆಲಸವನ್ನು ಒಂದೇ ಪದ ಮಾಡುತ್ತಿರುವಾಗ ಕನ್ನಡದವರು ಯಾಕೆ ಇಷ್ಟೊಂದು ಮಾತಾಡಿ ಸಾಯುತ್ತಾರೆ ಎಂದು ಅವನಿಗೆ ಮರುಕವೇ ಹುಟ್ಟಿತು. (ಮರುಕ ಹುಟ್ಟಬೇಕಾದದ್ದು ಅವನ ಮೇಲೆ ಅಂತ ಆಗ ಯಾರಿಗೆ ಗೊತ್ತಿತ್ತು!)

ಮನೆಯಲ್ಲಿ ಮೊದಲ ಪ್ರಯೋಗ ಕಡಲೆಕಾಯಿ ಎಣ್ಣೆ ಮರೆತು ಬಂದ ದಿನ ನಡೆಯಿತು. “ಸಾರಿ ಕಣೇ,” ಅಂದ. ಭಾರತಮ್ಮ ಕರಗಿಹೋದಳು. ಅವಳ ತವರು ಯಲ್ದೂರಿನ ಕಡೆ, ಹೆಂಡತಿ ಮುಂದೆ ತಪ್ಪಾಯಿತು ಅನ್ನುವ ಗಂಡಸನ್ನು ಯಾರೂ ಕಂಡು ಕೇಳಿದ್ದಿಲ್ಲ. ಪಕ್ಕದ ಮನೆ ಆಂಜಿನಮ್ಮನನ್ನು ಕೂಗಿ ಕರೆದು, “ನಮ್ಮನೆಯೋರು ನಂಗೆ ಸಾರಿ ಅಂತಾರೆ ಕಣಕ್ಕ,” ಎಂದು ಹೊಸ ಓಲೆ ತೋರಿಸುವವಳ ಹಾಗೆ ಹೇಳಿಕೊಂಡಳು. ಎಣ್ಣೆ ಮಾತ್ರ ಮಾರನೆಯ ದಿನವೂ ಬರಲಿಲ್ಲ, ಅದರಾಚೆ ದಿನವೂ ಬರಲಿಲ್ಲ. ಬಂದದ್ದು ಇನ್ನೊಂದು ಸಾರಿ.

“ನಿಮ್ಮ ಸಾರೀಲಿ ಒಗ್ಗರಣೆ ಹಾಕ್ಲಾ?” ಎಂದಳು ಭಾರತಮ್ಮ.

“ಹೇಳಿದ್ನಲ್ಲೇ. ಹೇಳಿದ್ಮೇಲೆ ಮುಗೀತು. ಇಂಗ್ಲಿಷಲ್ಲಿ ಅದೇ ರೂಲ್ಸು.”

“ಇದು ಯಾವ ಸೀಮೆ ರೂಲ್ಸು ರೀ? ತಪ್ಪು ಮಾಡಿದೋರು ನೀವು, ಬಾಯಿ ಮುಚ್ಕೊಳ್ಳೋಳು ನಾನಾ?”

ಇಲ್ಲಿಗೇ ನಿಂತಿದ್ದರೆ ಒಗ್ಗರಣೆಯ ಜಗಳವಾಗಿ ಮುಗಿಯುತ್ತಿತ್ತು. ಎಂಬತ್ತೊಂದನೇ ಇಸವಿಯ ಮಾವಿನ ಕಾಲ ಬಂತು.

ಭಾರತಮ್ಮನ ಅಣ್ಣ ವೆಂಕಟರಾಯಪ್ಪ ಯಲ್ದೂರಿನಲ್ಲಿ ಮಾವಿನ ತೋಪು ಮಾಡಿಕೊಂಡಿದ್ದವನು. ತಂದೆ ಸತ್ತ ಮೇಲೆ ತಂಗಿಯನ್ನು ಸಾಕಿ ಮದುವೆ ಮಾಡಿದವನೂ ಅವನೇ. ಒಳ್ಳೆಯ ಮನುಷ್ಯ, ಆದರೆ ಮೂಗಿನ ತುದಿಯಲ್ಲೇ ಮುನಿಸು. ಒಮ್ಮೆ ಕೊಂಬು ಬೀಸಿತು ಅಂತ ತನ್ನ ಎತ್ತಿನ ಜೊತೆಗೇ ವಾರಗಟ್ಟಲೆ ಮಾತು ಬಿಟ್ಟವನು. ಆ ಮನೆಯಲ್ಲಿ ತಂದೆಯ ಕಾಲದಿಂದ ಒಂದು ಪದ್ಧತಿ. ತಂದೆ ನೆಟ್ಟ ರಸಪುರಿ ಮರದ ಮೊದಲ ಹಣ್ಣು ಮಂಡಿಗೆ ಹೋಗುವ ಮುಂಚೆ ಹೆಣ್ಣುಮಗಳ ಮನೆಗೆ ಹೋಗಬೇಕು. ಹಣ್ಣು ತುಂಬಿದ ಬಿದಿರಿನ ಮಂಕರಿಯನ್ನು ತವರಿನವರೇ ತರಬೇಕು, ಮನೆಯ ಅಳಿಯ ಕೈ ಕೊಟ್ಟು ಇಳಿಸಿಕೊಳ್ಳಬೇಕು, ಅಲ್ಲಿಯವರೆಗೆ ಅದು ನೆಲ ಮುಟ್ಟಬಾರದು. ‘ಹೊರೋದು ತವರಿನ ತಲೆ, ಇಳಿಸೋದು ಅಳಿಯನ ಕೈ’ ಅನ್ನುವುದು ಅವರ ಮನೆಯ ಮಾತು. ಮದುವೆಯಾದಾಗಿನಿಂದ ಪ್ರತಿ ಬೇಸಿಗೆಯೂ ಸುಬ್ಬರಾಯಪ್ಪ ಬಸ್ ಸ್ಟ್ಯಾಂಡಿಗೇ ಸೈಕಲ್ ತಂದು, ಅಲ್ಲೇ ಇಳಿಸಿಕೊಂಡು, ಭಾವನನ್ನು ಮನೆಗೆ ಕರೆತಂದು ಊಟಕ್ಕೆ ಕೂರಿಸುತ್ತಿದ್ದ.

ಆ ವರ್ಷವೂ ಅರ್ಧ ದಿನ ರಜಾ ಹಾಕಿ ಮಧ್ಯಾಹ್ನದ ರೈಲೇನೋ ಹತ್ತಿದ. ಆದರೆ ಕದಿರೇಶನೂ ಹತ್ತಿದ್ದ, ಅವನ ಜೇಬಿನಲ್ಲಿ ಇಸ್ಪೀಟೂ ಹತ್ತಿತ್ತು. ಮೊಣಕಾಲ ಮೇಲೆ ಟವಲ್ಲು ಹಾಸಿ ರಮ್ಮಿ ಶುರುವಾಯಿತು. ಸುಬ್ಬರಾಯಪ್ಪನ ಕೈಗೆ ಹುಟ್ಟಿದಾಗಿನಿಂದ ಬೀಳದ ಎಲೆಗಳು ಬಿದ್ದವು. ಇನ್ನೊಂದೇ ಎಲೆ, ಇನ್ನೊಂದೇ ಎಲೆ ಅನ್ನುವಷ್ಟರಲ್ಲಿ ಮಾಲೂರು ಬಂತು, ಹೋಯಿತು. ತಲೆ ಎತ್ತಿದಾಗ ಬಂಗಾರಪೇಟೆ.

ಇತ್ತ ವೆಂಕಟರಾಯಪ್ಪ ಮಾಲೂರಿನಲ್ಲಿ ಬಸ್ಸಿಳಿದು, ಕಲ್ಲುಬೆಂಚಿನ ಮೇಲೆ ಮಂಕರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಬಿಸಿಲು ನೆತ್ತಿಗೆ ಬಂತು, ನೆತ್ತಿಯಿಂದ ಇಳಿಯಿತು. ತೊಡೆ ಜೋಮು ಹಿಡಿದು ತನ್ನದೋ ಬೇರೆಯವರದೋ ತಿಳಿಯದ ಹಾಗಾಯಿತು. ಸೋಡಾ ಅಂಗಡಿಯವನು ಕನಿಕರಪಟ್ಟು, “ಯಜಮಾನ್ರೇ, ಕೆಳಗಿಡಿ, ಇಳಿಸ್ಲಾ?” ಎಂದ. “ಬೇಡಪ್ಪ. ಇಳಿಸೋ ಕೈ ಬರ್ತದೆ,” ಎಂದು ವೆಂಕಟರಾಯಪ್ಪ ಮೀಸೆ ಒರೆಸಿಕೊಂಡ.

ಬರಲಿಲ್ಲ. ಹೊತ್ತು ಇಳಿದ ಮೇಲೆ ಭಾರತಮ್ಮನೇ ಗಾಬರಿಯಿಂದ ಓಡಿ ಬಂದಳು. ಅವನು ಮಂಕರಿಯನ್ನು ತಲೆಗೇರಿಸಿಕೊಂಡು ತಂಗಿಯ ಹಿಂದೆ ಮನೆಯವರೆಗೂ ನಡೆದ, ಬಾಗಿಲಲ್ಲಿ ನಿಂತ. ಒಳಗೂ ಹೋಗಲೊಲ್ಲ, ಇಳಿಸಲೂ ಒಲ್ಲ. ದೀಪ ಹಚ್ಚುವ ಹೊತ್ತಿಗೆ ಬಂಗಾರಪೇಟೆಯಿಂದ ತಿರುಗಿ ಬಂದ ಸುಬ್ಬರಾಯಪ್ಪ ಕಂಡದ್ದು ಇದನ್ನು. ತಲೆಯ ಮೇಲೆ ಮಂಕರಿ ಹೊತ್ತು, ಕುತ್ತಿಗೆ ನಡುಗುತ್ತ ನಿಂತ ಭಾವ. ಪಕ್ಕದಲ್ಲಿ ಕಣ್ಣಲ್ಲೇ ಸುಡುತ್ತ ನಿಂತ ಹೆಂಡತಿ.

ಮುಂದೆ ಹೋಗಿ ಎರಡು ಕೈ ಚಾಚಿದ್ದರೆ ಆಗಿತ್ತು. ಅಷ್ಟೇ ಬೇಕಾಗಿದ್ದದ್ದು! ಆದರೆ ನಾಚಿಕೆಗೆ ಕೈಗಿಂತ ಮೊದಲು ನಾಲಿಗೆ ಆಡಿತು.

“ಸಾರಿ ಭಾವ,” ಎಂದು ಹಲ್ಲು ಬಿಟ್ಟು, ಕಾಲು ತೊಳೆಯಲು ಬಚ್ಚಲಿಗೆ ಹೋಗಿಬಿಟ್ಟ.

ಮುಖ ಒರೆಸಿಕೊಳ್ಳುತ್ತ ಬರುವ ಹೊತ್ತಿಗೆ ವೆಂಕಟರಾಯಪ್ಪ ತಾನೇ ಮಂಡಿಯೂರಿ ಮಂಕರಿಯನ್ನು ನೆಲಕ್ಕಿಳಿಸಿದ್ದ.

“ಏನೋ ಅಂದ್ರಲ್ಲ ಸುಬ್ಬರಾಯಪ್ಪನೋರೇ, ಏನದು?”

“ಸಾರಿ ಅಂತ ಭಾವ. ಇಂಗ್ಲಿಷು. ತಪ್ಪಾದ್ರೆ ಅನ್ನೋದು.”

“ಅಂದ್ರೆ?”

“ಅಂದ್ರೆ ಮುಗೀತು.”

“ಮುಗೀತಾ?” ವೆಂಕಟರಾಯಪ್ಪ ತಂಗಿಯ ಮುಖ ನೋಡಿದ. “ಸರಿ ಹಂಗಾದ್ರೆ. ಬರ್ತೀನಿ ಭಾರತಿ. ಕೋಲಾರದ ಬಸ್ಸು ಇನ್ನೂ ಇರ್ತದೆ.”

ಊಟಕ್ಕೆ ನಿಲ್ಲಲಿಲ್ಲ. ನೀರು ಕೊಟ್ಟರೆ ಅದನ್ನೂ ಕುಡಿಯದೆ ಕೈ ಕಾಲು ತೊಳೆದುಕೊಂಡು ಹೊರಟುಹೋದ.

ಮುಂದಿನ ಬೇಸಿಗೆಗೆ ಮಂಕರಿ ಬರಲಿಲ್ಲ. ಮಾಲೂರು ಪೇಟೆಯಲ್ಲಿ ರಸಪುರಿಯ ಘಮ ಏಳುತ್ತಿದ್ದ ಹಾಗೆ ಭಾರತಮ್ಮ ಹೊಸಿಲಲ್ಲಿ ಕೂರುವುದು ಹೆಚ್ಚಾಯಿತು. ಒಂದು ದಿನ ಯಲ್ದೂರಿನ ಗಂಗುಲಪ್ಪ ಏನೋ ಕೆಲಸಕ್ಕೆ ಬಂದವನು ಬಾಗಿಲಲ್ಲಿ ತಲೆ ಹಾಕಿದ.

“ನಿಮ್ಮಣ್ಣ ಒಂದು ಮಾತು ಹೇಳಿ ಕಳಿಸವ್ರೆ ಭಾರತಮ್ಮ.”

“ಏನಂತೆ? ಯಾವಾಗ ಬರ್ತಾನಂತೆ?”

ಗಂಗುಲಪ್ಪ ತಲೆ ಕೆರೆದುಕೊಂಡ. “ಸಾರಿ ಅಂತೆ ಕಣಮ್ಮ.”

ಭಾರತಮ್ಮ ಬೈದಿದ್ದರೆ ಸುಬ್ಬರಾಯಪ್ಪ ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಬಾಯಿಗೆ ಸೆರಗು ಇಟ್ಟುಕೊಂಡು ಅತ್ತಳು, ಕಣ್ಣೊರೆಸಿಕೊಂಡು ಮುದ್ದೆ ತೊಳಸಿದಳು, ಬಡಿಸಿದಳು. ಎಣ್ಣೆ ಮರೆತರೆ ಕೇಳುವುದನ್ನೂ ಬಿಟ್ಟಳು. ಪೇಟೆಯಿಂದ ಒಳ್ಳೊಳ್ಳೆಯ ರಸಪುರಿ ಆರಿಸಿ ತಂದುಕೊಟ್ಟರೆ ಮುಟ್ಟಲೂ ಇಲ್ಲ. ಬುಟ್ಟಿಯಲ್ಲೇ ಕೊಳೆತು ನೊಣ ಮುತ್ತಿದವು. ಎರಡು ಕೈ ಚಾಚುವಷ್ಟು ಕೆಲಸಕ್ಕೆ ಸೋಮಾರಿಯಾಗಿ ಹೆಂಡತಿಯ ತವರನ್ನೇ ಕಳೆದೆನಲ್ಲ ಎಂದು ಸುಬ್ಬರಾಯಪ್ಪ ತನ್ನನ್ನೇ ಬೈದುಕೊಳ್ಳುತ್ತಿದ್ದ. ರೈಲಿನಲ್ಲಿ ಕದಿರೇಶ ಟವಲ್ಲು ಹಾಸಿದರೆ ಕಿಟಕಿಯ ಕಡೆ ತಿರುಗುತ್ತಿದ್ದ.

ಕೊನೆಗೆ ಒಂದು ಭಾನುವಾರ, “ಯಲ್ದೂರಿಗೆ ಹೋಗಿ ಬರ್ತೀನಿ,” ಎಂದ.

ವೆಂಕಟರಾಯಪ್ಪ ತೋಪಿನ ಗುಡಿಸಲ ಮುಂದೆ ಕೂತಿದ್ದ. “ಬನ್ನಿ, ಕೂತ್ಕೊಳ್ಳಿ,” ಎಂದ, ವಸೂಲಿಗೆ ಬಂದ ಅಮೀನನನ್ನು ಮಾತಾಡಿಸುವಷ್ಟೇ ಮರ್ಯಾದೆಯಿಂದ. ಸುಬ್ಬರಾಯಪ್ಪ ದಾರಿಯುದ್ದಕ್ಕೂ ಉರು ಹೊಡೆದಿದ್ದ ಮಾತು ಶುರು ಮಾಡಿದ.

“ಭಾವ, ಅವತ್ತು ನಾನು...”

“ಅವತ್ತೇ ಅಂದ್ರಲ್ಲ, ಮುಗೀತು ಅಂತ.” ವೆಂಕಟರಾಯಪ್ಪ ಮುಖ ತಿರುಗಿಸಿದ. “ರೈಲಲ್ಲಿ ಕಾಲು ತುಳಿದ್ರೆ ಅನ್ನೋ ಮಾತಂತೆ ಅದು, ಗಂಗುಲಪ್ಪ ಹೇಳ್ದ. ನಾನೇನು ನಿಮ್ಮ ಪಕ್ಕದ ಸೀಟಿನೋನಾ? ಮುಂದಿನ ಸ್ಟೇಷನ್ನಾಗೆ ಇಳಿದು ಹೋಗೋನಾ? ಬೈದಿದ್ರೂ ನುಂಗ್ಕೋತಿದ್ದೆ ಸುಬ್ಬರಾಯಪ್ಪನೋರೇ. ಮುಗೀತು ಅಂದ್ಬಿಟ್ರಿ.”

ಸುಬ್ಬರಾಯಪ್ಪ ತಲೆ ತಗ್ಗಿಸಿದ. ಹೇಳಬೇಕಾದದ್ದು ಬೆಟ್ಟದಷ್ಟಿತ್ತು, ಯಾವ ಭಾಷೆಯಲ್ಲೂ ಪದ ಇರಲಿಲ್ಲ.

ವೆಂಕಟರಾಯಪ್ಪನ ಹೆಂಡತಿ ದೊಡ್ಡಮುನಿಯಮ್ಮನೇ ಮರುಗಿ ಊಟಕ್ಕೆ ಬಡಿಸಿದಳು. “ಅಪ್ಪನ ಮರದ ಹಣ್ಣು ಹೋದ ವಾರನೇ ಮಂಡಿಗೆ ಹೋಯ್ತಣ್ಣ. ಅದಕ್ಕೆ ಮುಂಚೆ ಬಂದಿದ್ರೆ ಆಗಿತ್ತು,” ಎಂದು ನಿಟ್ಟುಸಿರು ಬಿಟ್ಟು, ಉಳಿದಿದ್ದ ತೋತಾಪುರಿಯನ್ನೇ ಹುಲ್ಲು ಹಾಸಿ ಮಂಕರಿಗೆ ತುಂಬಿದಳು. ತಲೆಗೆ ಎತ್ತಿಕೊಡಲು ವೆಂಕಟರಾಯಪ್ಪ ಏಳಲಿಲ್ಲ. “ಬರೋ ವರ್ಷ ನೋಡೋಣ,” ಎಂದ, ಮರಗಳ ಕಡೆ ನೋಡುತ್ತ.

ಬಸ್ಸಿನ ಉದ್ದಕ್ಕೂ ಸುಬ್ಬರಾಯಪ್ಪ ಮಂಕರಿಯನ್ನು ತೊಡೆಯಿಂದ ಇಳಿಸಲಿಲ್ಲ. ಕೋಲಾರ ದಾಟುವ ಮುಂಚೆಯೇ ಜೋಮು ಹಿಡಿಯಿತು. ಯಾರೋ ಅವನ ಕಾಲು ತುಳಿದು ‘ಸಾರಿ’ ಎಂದು ಮುಂದೆ ಹೋದ. ಮಾಲೂರಿನಲ್ಲಿ ಇಳಿದು, ಮಂಕರಿ ತಲೆಯ ಮೇಲೆ ಹೊತ್ತು, ಕುತ್ತಿಗೆ ಕಳಚಿ ಬೀಳುವ ಹಾಗಾದರೂ ನಡೆದು ಮನೆಯ ಬಾಗಿಲಿಗೆ ಬಂದ.

“ಭಾರತೀ, ಇಳಿಸ್ಕೋ ಬಾರೇ.”

ಭಾರತಮ್ಮ ಓಡಿ ಬಂದಳು. ಅವಳ ಕಣ್ಣು ಮಂಕರಿಯ ಮೇಲೆ ನಿಲ್ಲದೆ ಇವನ ಬೆನ್ನ ಹಿಂದೆ ಬೀದಿಯ ಕೊನೆಯವರೆಗೂ ಹೋಯಿತು.

“ಅಣ್ಣ?”

“ಬರ್ಲಿಲ್ಲ.”

“ಏನಂದ?”

“ಬರೋ ವರ್ಷ ನೋಡೋಣ ಅಂದ.”

ಭಾರತಮ್ಮ ಕೈ ಚಾಚಲು ಹೋದವಳು ಹಿಂದಕ್ಕೆ ತೆಗೆದುಕೊಂಡಳು. “ಹಂಗಾದ್ರೆ ಬರೋ ವರ್ಷದವರ್ಗೂ ಹೊತ್ಕೊಂಡಿರಿ,” ಎಂದು ಒಳಗೆ ಹೋದಳು.

ಸಾರಿ ಅನ್ನುವ ಪದ ನಾಲಿಗೆಯ ತುದಿಗೆ ಬಂತು. ಸುಬ್ಬರಾಯಪ್ಪ ನುಂಗಿಕೊಂಡ. ಅಕ್ಕಿ ಆರಿಸುತ್ತ ಕೂತಿದ್ದ ಆಂಜಿನಮ್ಮ ಮೊರ ಕೆಳಗಿಟ್ಟು ಎದ್ದು ಬಂದಳು.

“ಯಾಕಣ್ಣ ಹಂಗೆ ನಿಂತಿದ್ದೀಯ? ಒಂದು ಕೈ ಹಿಡಿದು ಇಳಿಸ್ಲಾ?”

“ಬೇಡಮ್ಮ,” ಎಂದ ಸುಬ್ಬರಾಯಪ್ಪ, ಒಳಗೆ ಪಾತ್ರೆ ಕುಕ್ಕುವ ಸದ್ದಿಗೆ ಕಿವಿಗೊಟ್ಟು. “ಇಳಿಸೋ ಕೈ ಬರ್ತದೆ.”