ಟ್ರಂಕಿನಲ್ಲಿದ್ದ ದ್ವೀಪ

ನಮ್ಮಣ್ಣ ತನ್ನ ಜೀವಮಾನದಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಜನ ಅವನನ್ನು ನಂಬಿದ್ದೂ ಅದೊಂದೇ ಸಲ! ಉಳಿದದ್ದನ್ನೆಲ್ಲ ಅವನು ಕಂಡದ್ದು ಕಂಡ ಹಾಗೆ ಹೇಳಿದ. ಅದಕ್ಕಾಗಿಯೇ ಇಂಡಿಯಿಂದ ಸಿಂದಗಿಯವರೆಗೆ ಸುಳ್ಳುಗಾರನೆಂದು ಹೆಸರಾದ. ಆ ಹೆಸರು ಅವನಿಗೆ ಗಟ್ಟಿಯಾಗಿ ಅಂಟುವಂತೆ ಮಾಡಿದವಳು ನಾನು, ಅವನ ಸ್ವಂತ ತಂಗಿ. ಅದನ್ನು ಆಮೇಲೆ ಹೇಳುತ್ತೇನೆ. ತಪ್ಪು ಒಪ್ಪಿಕೊಳ್ಳಲು ಕುಳಿತವರು ಮೊದಲು ಬೇರೆಯವರ ಹುಚ್ಚಾಟ ಹೇಳಿ ನಗಿಸಿಕೊಳ್ಳುವುದು ಇದ್ದದ್ದೇ ತಾನೆ?

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮುಂಬೈಗೆ ಹೋಗಿದ್ದ ಅಣ್ಣ ಅಲ್ಲಿಂದ ಸರಕಿನ ಹಡಗೊಂದರಲ್ಲಿ ಅಡಿಗೆಯವನಾಗಿ ಸೇರಿ ಮೂರು ವರ್ಷ ಸಮುದ್ರದ ಮೇಲಿದ್ದ. ಕಡೆಗೊಮ್ಮೆ ಗ್ರೀಕರ ಬಂದರಿನಲ್ಲಿ ಹಡಗು ಕೆಟ್ಟು ನಿಂತಿತು. ಕೆಲಸವಿಲ್ಲದೆ ಕುಳಿತಿದ್ದ ಇವನನ್ನು ಒಬ್ಬ ಬಿಳಿಯ ಸಾಹೇಬನೂ ಅವನ ಹೆಂಡತಿಯೂ ತಮ್ಮ ಹಾಯಿದೋಣಿಗೆ ಅಡಿಗೆ ಮಾಡಲು ಕರೆದುಕೊಂಡರು. ಹಾಯಿ ಬಿಚ್ಚಿದರೆ ಗಾಳಿ ಹಿಡಿದು ಹೋಗುವ ದೋಣಿ. ಅದರಲ್ಲಿ ಅಣ್ಣ ಒಂದು ದ್ವೀಪಕ್ಕೆ ಹೋಗಿ ಬಂದ. ಎಲ್ಲ ಸೇರಿ ಹನ್ನೆರಡು ದಿನ. ಮೂರು ವರ್ಷದ ದುಡಿಮೆಯ ಬಗ್ಗೆ ಅವನು ಮೂರು ಮಾತು ಆಡಿದ್ದನ್ನು ನಾನು ಕೇಳಿಲ್ಲ. ಆ ಹನ್ನೆರಡು ದಿನದ ಬಗ್ಗೆಯೋ, ಕೇಳದವರನ್ನೂ ನಿಲ್ಲಿಸಿಕೊಂಡು ಹೇಳುತ್ತಿದ್ದ!

ಅವನಿಗೆ ಹೇಳಲು ಬರುತ್ತಿರಲಿಲ್ಲ ಎನ್ನುವುದೇ ಎಲ್ಲಕ್ಕಿಂತ ದೊಡ್ಡ ತೊಂದರೆ. ಊರಿಗೆ ಬಂದ ಮರುದಿನವೇ ಊರಬಾಗಿಲಿನ ಅಗಸಿಯ ಕಟ್ಟೆಯ ಮೇಲೆ ಮಂದಿ ಕೂಡಿತು. ಪಕ್ಕದ ಮನೆಯ ದಸ್ತಗೀರ ಕಾಕಾ ಎಲ್ಲರ ಪರವಾಗಿ ಕೇಳಿದ.

"ಹೇಳಪಾ, ಆ ದ್ವೀಪದಾಗ ಏನೇನ ಐತಿ?"

"ಕಲ್ಲ ಅದಾವ, ಕಾಕಾ."

"ಮತ್ತ?"

"ಆಡ ಅದಾವ. ಲಿಂಬಿ ಗಿಡ ಅದಾವ. ಮನಿಗೋಳಿಗೆ ಸುಣ್ಣಾ ಹಚ್ಚ್ಯಾರ. ಮುದುಕರು ಕಟ್ಟಿ ಮ್ಯಾಲ ಕುಂತಿರ್ತಾರ."

"ಉಣ್ಣಾಕ?"

"ಕಡಕ್ ರೊಟ್ಟಿ ಇದ್ದಂಗ ಒಂದ ಐತಿ. ನೀರಾಗ ತೊಯ್ಸಿ, ಮ್ಯಾಲ ಎಣ್ಣಿ ಹಾಕ್ಕೊಂಡು, ಉಳ್ಳಾಗಡ್ಡಿ ಕಡಕೊಂಡ ತಿಂತಾರ."

ಕಾಕಾ ಬೀಡಿ ಕೆಳಗಿಟ್ಟ. "ಲೇ, ನೀ ಕನ್ನೊಳ್ಳಿಗೆ ಹೋಗಿ ಬಂದೀಯಲ್ಲೋ! ಕನ್ನೊಳ್ಳಿಗೆ ಬಸ್ಸ ಐತಿ ತಮ್ಮಾ. ಹಡಗ ಯಾಕ ಬೇಕಾಗಿತ್ತು?"

ಕಟ್ಟೆಗೆ ಕಟ್ಟೆಯೇ ನಕ್ಕಿತು. ಅಣ್ಣ ಬಂಗಾರದ ಗುಮ್ಮಟ, ಹಾಲಿನ ಕೊಳ ಎಂದಿದ್ದರೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅದೇ ವಾರ ಮುಂಬೈಯಿಂದ ಬಂದ ಇನ್ನೊಬ್ಬ, ಅಲ್ಲಿ ಸೇಠಜಿಯೊಬ್ಬನ ನಾಯಿಗೆ ಬೆಳ್ಳಿಯ ಪಲ್ಲಂಗವಿದೆ ಎಂದದ್ದನ್ನು ಒಬ್ಬರೂ ಪ್ರಶ್ನಿಸಲಿಲ್ಲ. ಸಮುದ್ರದ ಆಚೆಗೂ ನಮ್ಮಂಥದೇ ಕಲ್ಲು, ನಮ್ಮಂಥದೇ ಆಡು ಎಂದರೆ ಯಾರು ನಂಬಬೇಕು? ಅಲ್ಲಿನ ಆಡೊಂದು ತನ್ನ ಟೊಪ್ಪಿಗೆಯನ್ನು ತಿಂದುಬಿಟ್ಟಿತು ಎಂದು ಬೇರೆ ಅಣ್ಣ ಹೇಳಿದ. ಅಂದಿನಿಂದ ಅವನು ಎಲ್ಲಿ ಹೋದರೂ ಒಬ್ಬರಲ್ಲ ಒಬ್ಬರು, "ಟೊಪಗಿ ಸಂಭಾಳಸೋ, ಆಡ ಬಂತು!" ಎಂದು ಕೂಗುವರು.

ಇನ್ನು ಸಿಳ್ಳಿನ ಕಥೆ. ದೋಣಿಯ ಮೇಲೆ ಸಿಳ್ಳು ಹಾಕಬಾರದಂತೆ, ಹಾಕಿದರೆ ಗಾಳಿ ಏಳುತ್ತದಂತೆ. ಅಣ್ಣ ಅದನ್ನು ದೋಣಿಯಲ್ಲೇ ಬಿಟ್ಟು ಬರಬಾರದಿತ್ತೆ? ದಸ್ತಗೀರ ಕಾಕಾ ಎತ್ತುಗಳಿಗೆ ನೀರು ಕುಡಿಸುತ್ತ ಮೆಲ್ಲಗೆ ಸಿಳ್ಳು ಹಾಕುತ್ತಿದ್ದ. ಇವನು ಓಡಿಹೋಗಿ ಅವನ ಬಾಯಿಗೇ ಕೈ ಅಡ್ಡ ಹಿಡಿದ! "ಸಿಳ್ಳ ಹಾಕಬ್ಯಾಡ ಕಾಕಾ, ಗಾಳಿ ಎದ್ದೀತು!" ಕಾಕಾ ಜಗಳ ಮಾಡಲಿಲ್ಲ, ಮಾತನ್ನು ನೆನಪಿಟ್ಟುಕೊಂಡ. ಸುಗ್ಗಿಯಲ್ಲಿ ಕಣದ ಮೇಲೆ ಜೋಳ ತೂರಬೇಕಾದಾಗ ಎರಡು ದಿನ ಎಲೆ ಅಲುಗಲಿಲ್ಲ. ಕಾಕಾ ಬಂದು ಬಾಗಿಲಲ್ಲಿ ನಿಂತ. "ಬಾರೋ ಸಮುದ್ರದ ಸಾಹೇಬಾ. ಈಗ ಹಾಕು ಸಿಳ್ಳ." ಅಣ್ಣ ಗಂಭೀರವಾಗಿ ಹೋದ, ಪಡುವಣಕ್ಕೆ ಮುಖ ಮಾಡಿ ನಿಂತ, ಹಾಕಿದ. ಸ್ವಲ್ಪ ಹೊತ್ತಿಗೆ ಎಂಥ ಗಾಳಿ ಬಂತೆಂದರೆ, ಹೊಟ್ಟಿನ ಜೊತೆ ಕಾಕಾನ ರುಮಾಲೂ ಹಾರಿಹೋಯಿತು! ಮುಂದಿನ ವರ್ಷದಿಂದ ಸುತ್ತಲಿನ ಕಣದವರೆಲ್ಲ ಅಣ್ಣನನ್ನು ಸಿಳ್ಳು ಹಾಕಲು ಕರೆಯತೊಡಗಿದರು. ದ್ವೀಪವನ್ನು ಯಾರೂ ನಂಬಲಿಲ್ಲ. ಸಿಳ್ಳನ್ನು ಎಲ್ಲರೂ ನಂಬಿದರು.

ಹಾಯಿದೋಣಿ ಹೇಗಿರುತ್ತದೆಂದು ತೋರಿಸಿಯೇ ಬಿಡುತ್ತೇನೆಂದು ಒಮ್ಮೆ ನನ್ನ ಕೈಯಿಂದ ಅಪ್ಪನ ಎರಡು ಧೋತರ ಸೇರಿಸಿ ಹೊಲಿಸಿದ. ಅದನ್ನು ಹೊತ್ತು ದೇವಣಗಾಂವಕ್ಕೆ ಹೋಗಿ, ಭೀಮಾನದಿಯ ನಾವೆಗೆ ಬಿದಿರು ನಿಲ್ಲಿಸಿ ಕಟ್ಟಿದ. ನಾನೂ ನಾವೆಯಲ್ಲಿದ್ದೆ; ಆಚೆ ದಡದ ಮದುವೆಗೆ ಹೊರಟಿದ್ದ ಎಂಟು ಜನರೂ ಇದ್ದರು. ಗಾಳಿ ಹಿಡಿಯಿತು. ನಾವೆ ಆಚೆ ದಡವನ್ನು ಬಿಟ್ಟು ನದಿಯ ಉದ್ದಕ್ಕೆ ಹೊರಟಿತು! "ಸಾವಕಾಶ ತಿರಗತೈತಿ, ಅಂಜಬ್ಯಾಡ್ರಿ," ಎನ್ನುತ್ತ ಅಣ್ಣ ಹಗ್ಗ ಜಗ್ಗುತ್ತಿದ್ದ. ಹರದಾರಿ ದೂರದ ಯಾವುದೋ ಹೊಲಕ್ಕೆ ಮುಟ್ಟಿದೆವು. ಅಕ್ಷತೆ ಬಿದ್ದ ಮೇಲೆ ಮದುವೆಗೆ ಹೋದವರು ಅಣ್ಣನಿಗೆ ಕೊಟ್ಟ ಆಶೀರ್ವಾದವನ್ನು ಇಲ್ಲಿ ಬರೆಯಲಾರೆ. ಅಂಬಿಗನೊಬ್ಬನೇ ಮೆತ್ತಗೆ ಹೇಳಿದ. "ಅಣ್ಣಾರ, ನನ್ನ ನಾವಿ ನಾ ಹೇಳಿದಲ್ಲಿ ಹೋಗತಿತ್ತು. ನಿಮ್ದು ಗಾಳಿ ಹೇಳಿದಲ್ಲಿ ಹೋಗತೈತಿ. ಧೋತರಾ ಬಿಚ್ಚ್ರಿ."

ಇಷ್ಟೆಲ್ಲ ಆದರೂ ಅಣ್ಣನಿಗೆ ಒಂದು ಧೈರ್ಯವಿತ್ತು. ದ್ವೀಪದಲ್ಲಿ ಸಾಹೇಬ ಅವನ ಫೋಟೋ ತೆಗೆದಿದ್ದ. ವಿಳಾಸ ಬರೆದುಕೊಂಡು, ಕಳಿಸುತ್ತೇನೆ ಎಂದಿದ್ದ. "ಫೋಟೋ ಬರ್ಲಿ, ಆಮ್ಯಾಲ ನೋಡ್ರಿ!" ಎನ್ನುವುದೇ ಅವನ ಕೊನೆಯ ಮಾತು. ದಿನಾ ಟಪಾಲಿನವನ ದಾರಿ ಕಾಯುವನು. ಒಂದು ವರ್ಷವಾದರೂ ಬರಲಿಲ್ಲ. "ಈಜಿಕೋತ ಬರಾಕತ್ತೈತೇನೋ ಫೋಟೋ?" ಎಂದು ಕಾಕಾ ಕೇಳುವನು. ಬಾವಿಯ ಹತ್ತಿರ ಹೆಂಗಸರೂ ಕೇಳುವರು, ಎಲ್ಲರಿಗಿಂತ ಜೋರಾಗಿ ನಾನು ನಗುವೆನು. ಅಣ್ಣನನ್ನು ಅನುಕರಿಸಿ ತೋರಿಸುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ.

ಫೋಟೋ ಬಂತು.

ಆ ದಿನ ಅಣ್ಣ ಬೀಜ ತರಲು ಸಿಂದಗಿಗೆ ಹೋಗಿದ್ದ. ಹೋಗುವ ಮುಂಚೆ ಕರುವನ್ನು ಗೂಟಕ್ಕೆ ದೋಣಿಯ ಗಂಟು ಹಾಕಿ ಕಟ್ಟಿದ್ದ. ಆ ಗಂಟು ಬಿಚ್ಚುವುದು ಅವನೊಬ್ಬನಿಗೇ ಗೊತ್ತು! ಹಿತ್ತಿಲಿನಲ್ಲಿ ಆಕಳು ಒದರುತ್ತಿತ್ತು, ಕರು ಒದರುತ್ತಿತ್ತು, ಗಂಟಿನ ಜೊತೆ ಜಗಳವಾಡುತ್ತ ಅಪ್ಪ ಒದರುತ್ತಿದ್ದ, ಅಪ್ಪನ ಮೇಲೆ ಅವ್ವ. ಆದ್ದರಿಂದ ಮುಂಬಾಗಿಲಿಗೆ ಟಪಾಲಿನವ ಬಂದಾಗ ಲಕೋಟೆ ತೆಗೆದುಕೊಂಡವಳು ನಾನೊಬ್ಬಳೇ. ಅಂಚೆಚೀಟಿ ಪರದೇಶದ್ದು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟ ನನಗೆ ಆ ಅಕ್ಷರ ತಿಳಿಯಲಿಲ್ಲ. ಒಡೆದು ನೋಡಿದೆ. ಚಿತ್ರ ಓದಲು ಸಾಲಿ ಬೇಕೆ?

ಕಲ್ಲಿನ ಗುಡ್ಡ. ಸುಣ್ಣದ ಮನೆಗಳು. ದೋಣಿಯ ಹಗ್ಗ ಹಿಡಿದು ಬರಿದಲೆಯಲ್ಲಿ ನಿಂತ ನಮ್ಮಣ್ಣ. ಕಾಲಿನ ಹತ್ತಿರ ಒಂದು ಆಡು, ಬಾಯಲ್ಲಿ ಅರ್ಧ ಟೊಪ್ಪಿಗೆ. ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಹೆಚ್ಚಿರಲಿಲ್ಲ. ಹೇಳದೆ ಬಿಟ್ಟದ್ದು ಮಾತ್ರ ಒಂದಿತ್ತು: ಅಣ್ಣನ ಭುಜದ ಮೇಲೆ ಕೈಯಿಟ್ಟು ನಗುತ್ತ ನಿಂತ ಸಾಹೇಬನ ಹೆಂಡತಿ. ಆಕೆಯ ಮೈಮೇಲಿದ್ದದ್ದು ಎರಡು ಕರವಸ್ತ್ರ. ಅವೂ ಸಣ್ಣವು!

ನಾಲ್ಕು ದಿನ ಬಿಟ್ಟು ಮುದ್ದೇಬಿಹಾಳದಿಂದ ಅಣ್ಣನನ್ನು ನೋಡಲು ಹೆಣ್ಣಿನ ಕಡೆಯವರು ಬರುವವರಿದ್ದರು. ಫೋಟೋ ತೋರಿಸಿದರೆ ಅಣ್ಣ ಖರೇ ಆಗುತ್ತಿದ್ದ, ಸಂಬಂಧ ತಪ್ಪುತ್ತಿತ್ತು. ಅದನ್ನು ನನ್ನ ಟ್ರಂಕಿನ ತಳಕ್ಕೆ ಹಾಕಿ, ಮೇಲೆ ಇಳಕಲ್ ಸೀರೆ ಇಟ್ಟೆ. ಮದುವೆಯಾದ ಮೇಲೆ ಕೊಟ್ಟರಾಯಿತು ಅಂದುಕೊಂಡೆ.

ಮುದ್ದೇಬಿಹಾಳದವರು ಬಂದರು. ಹುಡುಗಿಯ ತಂದೆ ಉಪ್ಪಿಟ್ಟು ತಿಂದು ಕೈ ಒರಸಿಕೊಂಡು ಕೇಳಿದರು. "ಹುಡುಗ ಸಮುದ್ರದ ಮಾತ ಬಾಳ ಹೇಳ್ತಾನಂತ ಕೇಳೇವಿ. ಸುಳ್ಳ ಹೇಳಾಂವಗ ಮಗಳನ್ನ ಕೊಡಾಕ ಅಂಜಿಕಿ ನೋಡ್ರಿ." ಅಪ್ಪ ನೆಲ ನೋಡಿದ. ಅಣ್ಣ, "ಖರೇನ ಹೋಗಿದ್ದೇರಿ. ಫೋಟೋ ಬರೂದೈತಿ," ಎಂದ. ಅವರು ಚಹಾ ತಂದ ನನ್ನ ಕಡೆ ತಿರುಗಿದರು. "ನೀ ಹೇಳವ್ವಾ. ಹೆಣ್ಣಮಕ್ಕಳು ಸುಳ್ಳ ಹೇಳೂದಿಲ್ಲ."

ನಾನು ನಕ್ಕು ಹೇಳಿದೆ. "ಎಲ್ಲೀ ಸಮುದ್ರರಿ! ಅಂವಾ ಸೊಲ್ಲಾಪುರದ ಗಿರಣ್ಯಾಗ ಇದ್ದಾರಿ. ಮಂದೀನ ನಗಸಾಕ ಹಂಗ ಹೇಳ್ತಾನ್ರಿ."

"ಚಾಷ್ಟಿ ಮಾಡ್ತಾನ ಅನ್ನು!" ಅವರು ಹಗುರಾಗಿ ನಕ್ಕರು. ಅಪ್ಪ ನಕ್ಕ, ಅವ್ವ ಒಳಗಿನಿಂದ ನಕ್ಕಳು, ಸಂಬಂಧ ಕೂಡಿತು. ಅಣ್ಣ ಮಾತ್ರ ನನ್ನನ್ನೊಮ್ಮೆ ನೋಡಿ, ಚಹಾ ಕುಡಿದು, ಬಟ್ಟಲನ್ನು ಸದ್ದಾಗದಂತೆ ಕೆಳಗಿಟ್ಟ. ಅಂದಿನಿಂದ ದ್ವೀಪದ ಮಾತು ನಿಂತಿತು. ಟಪಾಲಿನವನ ದಾರಿ ಕಾಯುವುದೂ ನಿಂತಿತು.

ಸಂಬಂಧ ಉಳಿಸಲು ಹಾಗೆ ಮಾಡಿದೆ ಎಂದು ನಾನು ಬಹಳ ದಿನ ನನಗೇ ಹೇಳಿಕೊಂಡೆ. ಚಲೋ ಕಾರಣ, ಅಲ್ಲವೆ? ಹಾಗಿದ್ದರೆ ಮದುವೆಯಾದ ಮರುದಿನವೇ ಅಣ್ಣನ ಕೈಗಾದರೂ ಕೊಡಬಹುದಿತ್ತಲ್ಲ! ಕೊಡಲಿಲ್ಲ. ನನಗೆ ಹೊಟ್ಟೆಕಿಚ್ಚಿತ್ತು. ಭೀಮಾನದಿಗಿಂತ ದೊಡ್ಡ ನೀರನ್ನು ನಾನು ಕಂಡಿರಲಿಲ್ಲ, ಕಂಡೇನೆಂಬ ಭರವಸೆಯೂ ಇರಲಿಲ್ಲ. ಅವನು ಸುಳ್ಳುಗಾರನಾಗಿದ್ದರೆ ನಾನು ಕಳೆದುಕೊಂಡದ್ದು ಏನೂ ಇಲ್ಲ. ಖರೇ ಆದರೆ ನನ್ನ ಬಾವಿ, ನನ್ನ ಒಲೆ ಎಲ್ಲ ಎಷ್ಟು ಸಣ್ಣವು! ಅದೇ ವರ್ಷ ನನ್ನ ಮದುವೆಯೂ ಆಯಿತು. ಗ್ರೀಕರ ದ್ವೀಪ ಸೀರೆಯ ಕೆಳಗೆ ಮಲಗಿಕೊಂಡು ನನ್ನ ಜೊತೆ ಬಸವನ ಬಾಗೇವಾಡಿಗೆ ಬಂತು.

ನಮ್ಮ ಕಡೆ ನಾಗರಪಂಚಮಿಗೆ ತಂಗಿಯನ್ನು ಕರೆಯಲು ಅಣ್ಣ ಬರುತ್ತಾನೆ. ಪ್ರತಿ ವರ್ಷ ಬಂದ, ಪ್ರತಿ ವರ್ಷ ಟ್ರಂಕು ಹೊತ್ತ. ಒಳಗೆ ಏನಿದೆಯೆಂದು ಅವನಿಗೇನು ಗೊತ್ತು! ಆರನೆಯ ಪಂಚಮಿಯಲ್ಲಿ ಊಟಕ್ಕೆ ಕುಳಿತಾಗ ನನ್ನ ಗಂಡ ಆಲಮಟ್ಟಿಯ ಮಾತು ತೆಗೆದರು. "ಅಣೆಕಟ್ಟು ಮುಗದ ಮ್ಯಾಲ ಸಮುದ್ರದಂಗ ನೀರ ನಿಲ್ಲತೈತಿ ಅಂತಾರ. ಸಮುದ್ರ ಅಂದ್ರ ಹೆಂಗ ಇರತೈತ್ರಿ? ನೀವು ನೋಡೀರಿ ಅಂತ ಊರಾಗ ಅಂತಿದ್ರಲ್ಲ?"

ಅಣ್ಣನ ಕೈ ರೊಟ್ಟಿಯ ಮೇಲೆ ನಿಂತಿತು. ನನ್ನ ಕಡೆ ನೋಡಿದ. ಸೊಲ್ಲಾಪುರದ ಮಾತನ್ನೇ ನಾನು ಗಂಡನಿಗೂ ಹೇಳಿದ್ದೆ. ಅಣ್ಣ ಹೌದು ಎಂದರೆ ನಾನು ಸುಳ್ಳುಗಾತಿಯಾಗುತ್ತಿದ್ದೆ, ಗಂಡನ ಎದುರಿಗೆ.

"ಸೊಲ್ಲಾಪುರದಾಗ ಎಲ್ಲೀ ಸಮುದ್ರರಿ," ಎಂದು ನಕ್ಕ. "ನಾ ನೋಡೇ ಇಲ್ಲ."

ಅವನು ಹೇಳಿದ ಒಂದೇ ಒಂದು ಸುಳ್ಳು ಇದು. ನನ್ನ ಗಂಡ ಆಮೇಲೆ ಮೆಚ್ಚಿ ಹೇಳಿದರು. "ನಿಮ್ಮಣ್ಣ ಸುಧಾರಿಸ್ಯಾನ ನೋಡು. ಈಗ ಖರೇ ಹೇಳ್ತಾನ."

ನಾನು ಒಳಗೆ ಹೋದೆ. ಟ್ರಂಕಿನ ತಳದಿಂದ ಫೋಟೋ ತೆಗೆದು, ಪಡಸಾಲೆಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಅವನ ಕೈಗಿಟ್ಟೆ. ಬಯ್ಯಲಿ, ಹೊಡೆಯಲಿ ಎಂದು ನಿಂತೆ. ಅವನು ಬಹಳ ಹೊತ್ತು ನೋಡಿದ.

"ಇದ ಆಡ," ಎಂದ. "ಟೊಪಗಿ ತಿಂದದ್ದು." ಆಮೇಲೆ ಕೇಳಿದ. "ಯಾವಾಗ ಬಂತಿದು?"

"ಮುದ್ದೇಬಿಹಾಳದಾವರು ಬರೂಕಿಂತ ನಾಕ ದಿನಾ ಮೊದಲ." ನನಗೆ ಅಳು ತಡೆಯಲಿಲ್ಲ.

"ಅಂದ್ರ, ಆವತ್ತಿಂದ ನಿನಗ ಗೊತ್ತಿತ್ತು? ನಾ ಹೇಳಿದ್ದು ಖರೇ ಅಂತ?"

ಹೌದೆಂದು ಗೋಣು ಹಾಕಿದೆ.

ಅಣ್ಣನ ಮುಖ ಅರಳಿತು. ಆ ನಗುವನ್ನು ನಾನು ಆರು ವರ್ಷದಿಂದ ಕಂಡಿರಲಿಲ್ಲ. "ಅಯ್ಯ ಹುಚ್ಚಿ, ಅಳ್ತೀ ಯಾಕ? ನಾ ಒಬ್ಬರೂ ನಂಬಿಲ್ಲ ಅಂತ ತಿಳಕೊಂಡಿದ್ದೆ. ಇಷ್ಟ ವರ್ಷ ನೀ ಒಬ್ಬಾಕಿ ನಂಬಿದ್ದಿ ಅನ್ನು!"

ಫೋಟೋವನ್ನು ನನಗೇ ತಿರುಗಿ ಕೊಟ್ಟ. "ನಿನ್ನ ಟ್ರಂಕಿನ್ಯಾಗ ಇರ್ಲಿ. ಈ ಎರಡ ಕರವಸ್ತ್ರ ನಿಮ್ಮ ವೈನಿ ಕಣ್ಣಿಗೆ ಬಿದ್ರ ನಾ ಖರೇನ ಸಮುದ್ರಕ್ಕ ಹೋಗಬೇಕಾಗತೈತಿ."

ತವರಿಗೆ ಹೊರಟ ಬಸ್ಸಿನಲ್ಲಿ ಅವನು ಟ್ರಂಕನ್ನು ಕಾಲ ಹತ್ತಿರ ಇಟ್ಟುಕೊಂಡು ಕುಳಿತ. ನಾನೇ ಕೇಳಿದೆ. "ಅಣ್ಣಾ, ಆ ದೋಣಿ ಹತ್ತಿದ ಮ್ಯಾಲ ಏನಾತು?" ಮೊದಲನೆಯ ದಿನದಿಂದ ಶುರು ಮಾಡಿದ. ಮೊದಲ ಸಲ ನಾನು ನಗದೆ ಕೇಳಿದೆ. ಬಿಜಾಪುರದಲ್ಲಿ ಬಸ್ಸು ಬದಲಿಸಿದೆವು, ಅವನು ಮಾತು ನಿಲ್ಲಿಸಲಿಲ್ಲ. ಇಂಡಿ ಬಂತು, ನಮ್ಮ ದೋಣಿ ಇನ್ನೂ ದ್ವೀಪ ಮುಟ್ಟಿರಲಿಲ್ಲ.