ಭಾವನ ಕಾರಿನ ಬಾಯಾರಿಕೆ

ನಮ್ಮ ಭಾವನಷ್ಟು ಬುದ್ಧಿವಂತರು ಲಂಡನ್ನಿನ ಈ ಹ್ಯಾರೋದಲ್ಲೆಲ್ಲೂ ಇಲ್ಲ. ಇದು ನನ್ನ ಮಾತಲ್ಲ, ಅವರದೇ ಮಾತು! ಡ್ಯಾಶ್‌ಬೋರ್ಡಿನ ಮೇಲೆ ಗಣಪತಿ ಇರುವುದರಿಂದ ಅವರ ಕಾರಿಗೆ ಚಪ್ಪಲಿ ಬಿಚ್ಚಿಯೇ ಹತ್ತಬೇಕು. ಎಂತೆಂಥ ಭಕ್ತರಿದ್ದಾರೆ ನೋಡಿ!

ಈ ಚಳಿಗಾಲದಲ್ಲಿ ಆ ಮುದಿ ಕಾರು ಕೂಲಂಟ್ ಕುಡಿಯತೊಡಗಿತು. ಇಂಜಿನ್ನನ್ನು ತಣ್ಣಗಿಡುವ ಆ ಗುಲಾಬಿ ಬಣ್ಣದ ನೀರು ತುಂಬಿಸಿದ ವಾರದಲ್ಲೇ ಮಾಯ. ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ. ಇಂಜಿನ್ ಕಾದು ಕೆಟ್ಟರೆ ಕಾರು ಗುಜರಿಗೇ ಸರಿ. ಅಕ್ಕನಿಗೋ ಟ್ಯೂಬ್ ರೈಲಿನ ಸ್ಟೇಷನ್ನಿನ ಮೆಟ್ಟಿಲು ಹತ್ತಲಾಗದು. ಶನಿವಾರ ಹೌನ್ಸ್ಲೋದಲ್ಲಿ ಅವರ ಬಸುರಿ ಮಗಳ ಕುಬಸ ಬೇರೆ.

"ಗ್ಯಾರೇಜಿಗೆ ಒಯ್ಯಿರಿ ಭಾವ" ಎಂದೆ.

"ಗ್ಯಾರೇಜಿನವ್ರಿಗೆ ಏನ್ ಗೊತ್ತಾಗತೈತೋ? ಧಾರವಾಡದಾಗ ಟ್ರ್ಯಾಕ್ಟರ್ ಬಿಚ್ಚಿದಂವ ನಾ!"

ಬಿಚ್ಚಿದ್ದು ನಿಜ. ಜೋಡಿಸಿದ್ದು ಬೇರೆಯವರು.

ಮೊದಲು ತಮ್ಮ ಮದುವೆಯ ಬಿಳಿ ಧೋತರವನ್ನು ಕಾರಿನಡಿ ಹಾಸಿದರು. ಬೆಳಿಗ್ಗೆ ಅದರ ಮೇಲೆ ಹಳದಿ ಕಲೆ! "ಸಿಕ್ತು!" ಎಂದು ಕುಣಿದರು. ಗುಲಾಬಿ ನೀರು ಹಳದಿಯಾದದ್ದು ಹೇಗೆ ಎಂದು ಕೇಳಿದರೆ "ಕಾದಿಲ್ಲೇನು?" ಎಂದರು. ಮೂಗಿಗೆ ಹಿಡಿದು ನೋಡಿದ ಮೇಲಷ್ಟೇ ಅದು ರಾತ್ರಿ ಬೀದಿ ಸುತ್ತುವ ಲಂಡನ್ನಿನ ನರಿ ಮಾಡಿಹೋದ ಕೆಲಸವೆಂದು ತಿಳಿದದ್ದು.

ಅಷ್ಟರಲ್ಲಿ ಕಾರಿನೊಳಗೆ ಸಿಹಿ ವಾಸನೆ ಶುರುವಾಯಿತು. ಭಾವನಿಗೆ ಕ್ಷಣದಲ್ಲಿ ಹೊಳೆಯಿತು: ಸಕ್ಕರೆ ಕಾಯಿಲೆಯ ಅಕ್ಕ ಕದ್ದು ಪೇಢೆ ತಿನ್ನುತ್ತಿದ್ದಾಳೆ! ಅವಳ ಕೈಚೀಲ, ಕೋಟಿನ ಜೇಬು ಎಲ್ಲ ಜಾಲಾಡಿದರು.

"ಖರೆ ಹೇಳು, ಪೇಢೆ ಎಲ್ಲಿಟ್ಟೀ?"

"ಅಯ್ಯ, ಪೇಢೆ ಮಾರಿ ನೋಡಿ ಎಷ್ಟ್ ವರ್ಷ ಆತ್ರೀ!"

ಇಂಥ ಪತ್ತೇದಾರರನ್ನು ನಂಬಿ ಕೂರುವುದುಂಟೆ? ಶುಕ್ರವಾರ ನಾನೇ ಕೀಲಿ ಕಸಿದುಕೊಂಡು ಇಬ್ಬರನ್ನೂ ಗ್ಯಾರೇಜಿಗೆ ಕರೆದೊಯ್ದೆ. ಅಲ್ಲಿನ ಗುಜರಾತಿ ಮುದುಕ ಬಾನೆಟ್ ಎತ್ತಲೂ ಇಲ್ಲ. ಅಕ್ಕನ ಕಡೆಯ ಬಾಗಿಲು ತೆಗೆದು, ಅವಳು ಕಾಲಿಡುವ ಕಾರ್ಪೆಟ್ ಒತ್ತಿದ. ಗುಲಾಬಿ ನೀರು ಪಿಚಕ್ಕೆಂದು ಚಿಮ್ಮಿತು. ಕಾರನ್ನು ಬೆಚ್ಚಗಿಡುವ ಹೀಟರಿನಲ್ಲೂ ಇದೇ ನೀರು ಹರಿಯುತ್ತದೆ, ಅದು ಒಳಗೊಳಗೇ ಸೋರುತ್ತಿದೆ, ಸಿಹಿ ವಾಸನೆಯೂ ಅದರದೇ ಎಂದ. ನೀರು ಹೀಟರಿಗೆ ಹೋಗದಂತೆ ಕೊಳವೆಯನ್ನು ಸದ್ಯಕ್ಕೆ ತಪ್ಪಿಸಿಕೊಟ್ಟರೆ ನಾಳೆ ಕಾರು ಓಡುತ್ತದಂತೆ. ಇಷ್ಟೇ!

"ದಿನಾ ಇದರಾಗ ಕಾಲಿಟ್ಟು ಕೂಡತೀ, ಒದ್ದಿ ಆಗಿದ್ದು ಗೊತ್ತಾಗಲಿಲ್ಲೇನು? ಚಲೋ ಜೋಡಿ ನಿಮ್ದು!" ಎಂದು ಅಕ್ಕನನ್ನೂ ಚುಚ್ಚಿದೆ.

ಅಕ್ಕ ತಲೆ ತಗ್ಗಿಸಿದಳು. "ದೀಪಾವಳಿ ಆದಮ್ಯಾಲಿಂದ ಅಂಗಾಲಿಗೆ ಏನೂ ಗೊತ್ತಾಗಂಗಿಲ್ಲೋ. ಕುಬಸ ಮುಗೀಲಿ, ಆಮ್ಯಾಲೆ ಹೇಳೂಣಂತ ಸುಮ್ಮನಿದ್ದೆ."

ನನಗೆ ನಾಚಿಕೆಯಾಯಿತು. ಭಾವ ಆ ಎಣ್ಣೆ ನೆಲದ ಮೇಲೆ ಮಂಡಿಯೂರಿದರು. ಅಕ್ಕನ ಒದ್ದೆ ಕಾಲುಚೀಲ ಕಳಚಿ, ತಮ್ಮ ಮಫ್ಲರಿನಿಂದ ಪಾದ ಒರೆಸಿದರು. "ಗಾಡಿ ಇಲ್ಲೇ ಬಿಡು. ಟ್ಯಾಕ್ಸಿ ಕರಿ, ಈಗಿಂದೀಗ ಜಿಪಿ ಡಾಕ್ಟರ ಹಂತೇಕ ಹೋಗೂಣು" ಎಂದರು ನನಗೆ. ಆಮೇಲೆ ಅಕ್ಕನಿಗೆ ಕಣ್ಣು ಮುಚ್ಚಲು ಹೇಳಿ, ಒಂದೊಂದೇ ಬೆರಳು ಹಿಚುಕುತ್ತ "ಇದು ಗೊತ್ತಾತು? ಇದು?" ಎಂದು ಕೇಳತೊಡಗಿದರು. ಅಕ್ಕ ಪ್ರತಿ ಸಲ ಇಲ್ಲವೆಂದು ತಲೆಯಾಡಿಸಿದಳು. ಅವರ ದನಿ ನಡುಗತೊಡಗಿತು.

ಕೊನೆಯ ಬೆರಳಿಗೆ ಅಕ್ಕ "ಹ್ಞೂಂ, ಇದು ಗೊತ್ತಾತ್ರೀ" ಎಂದಳು.

ಭಾವ ಅದನ್ನಿನ್ನೂ ಮುಟ್ಟಿರಲಿಲ್ಲ. "ಭೇಷ್" ಎಂದರು.